ನಮ್ಮತ್ತೆ ಯಾರನ್ನೂ ಕೊಲ್ಲಲಿಲ್ಲ

ಹೆಜ್ಜೆಗೊಂದು ಹೆಣ ಬೀಳುವ ಆಟ ಅದು. ಅದರಲ್ಲಿ ನಮ್ಮತ್ತೆ ನಿರ್ಮಲಮ್ಮ ಒಂದು ಮಳೆಗಾಲ ಪೂರ್ತಿ ಬೀದಿ ಬೀದಿ ಸುತ್ತಿದರು, ಯಾರನ್ನೂ ಕೊಲ್ಲಲಿಲ್ಲ. ನಾನು ಶಾಲೆಯಿಂದ ಬಂದಾಗ ಟಿವಿಯಲ್ಲಿ ಕರಿ ಕೋಟಿನ ಗೂಂಡಾ ಒಬ್ಬ ಬೇಕರಿಯೊಳಗೆ ಇರುತ್ತಿದ್ದ. ಗಲ್ಲಾಪೆಟ್ಟಿಗೆಯ ಕಡೆ ತಿರುಗಿಯೂ ನೋಡದೆ, ಗೋಡೆಗೆ ತೂಗುಹಾಕಿದ ಕ್ಯಾಲೆಂಡರ್ ಮುಂದೆ ನಿಂತು ಅದರಲ್ಲಿ ಯಾವ ತಿಂಗಳಿದೆ ಅಂತ ನೋಡುತ್ತಿದ್ದ. ರಿಮೋಟು ಅತ್ತೆಯ ಕೈಯಲ್ಲಿದೆ ಅಂತ ನನಗೆ ಬಾಗಿಲಲ್ಲೇ ಗೊತ್ತಾಗುತ್ತಿತ್ತು.

ನಾನು ಸಂಧ್ಯಾರಾಣಿ, ಅವರ ಸೊಸೆ. ಚನ್ನಗಿರಿಯ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಗಂಡ ಪ್ರವೀಣ್ ಕುಮಾರ್ ಅಡಿಕೆ ಮಂಡಿಯಲ್ಲಿ ಕೆಲಸಕ್ಕಿದ್ದಾರೆ. ಟಿವಿಗೆ ಜೋಡಿಸಿ ಆಡುವ ಈ ವಿಡಿಯೋ ಗೇಮಿನ ಪೆಟ್ಟಿಗೆ ಅವರ ಮದುವೆಗೆ ಮುಂಚಿನ ಆಸ್ತಿ. ಅಟ್ಟದ ಮೇಲೆ ಧೂಳು ತಿನ್ನುತ್ತಾ ಬಿದ್ದಿತ್ತು. ಆ ವರ್ಷ ಅತ್ತೆಗೆ ಚಿಕೂನ್‌ಗುನ್ಯಾ ಬಂದು ಹೋದ ಮೇಲೆ ಕೈಬೆರಳಿನ ಗಿಣ್ಣುಗಳು ಹಿಡಿದುಕೊಂಡವು. ರೊಟ್ಟಿ ತಟ್ಟುವುದಿರಲಿ, ಬ್ಲೌಸಿನ ಹುಕ್ಕು ಹಾಕಿಕೊಳ್ಳುವುದೂ ಕಷ್ಟವಾಯಿತು. ಬೆರಳು ಆಡಿಸುತ್ತಾ ಇರಬೇಕು ಅಂತ ಡಾಕ್ಟರು ಹೇಳಿದರು. ಪ್ರವೀಣ್ ತಮಾಷೆಗೇ ಪೆಟ್ಟಿಗೆ ಇಳಿಸಿ, ಮೊಬೈಲ್ ರಿಪೇರಿಯ ಅಫ್ತಾಬ್ ಹತ್ತಿರ ಗುಂಡಿಗಳನ್ನು ಸರಿಮಾಡಿಸಿ ತಂದು ಅಮ್ಮನ ಕೈಗಿಟ್ಟರು. ತಮಾಷೆ ನಮ್ಮ ಮೇಲೇ ತಿರುಗಿತು. ಮಧ್ಯಾಹ್ನದ ಧಾರಾವಾಹಿಗಳು ಒಂದೊಂದಾಗಿ ನಿಂತವು, ಸಂಜೆಯ ಸಾರು ಹಲವು ಸಲ ತಳ ಹಿಡಿಯಿತು.

ನಮ್ಮತ್ತೆಯ ತವರು ಜಗಳೂರು. ಊರ ಹೆಸರಿನಲ್ಲೇ ಜಗಳ ಇದೆ ಅಂತ ನಾನು ಛೇಡಿಸುತ್ತೇನೆ, ಅವರು ನಗುತ್ತಾರೆ. ನಿಜ ಹೇಳಬೇಕೆಂದರೆ ಅವರಲ್ಲಿ ಜಗಳಕ್ಕಿಂತ ಕುತೂಹಲವೇ ಹೆಚ್ಚು. ಬಸ್ಸಿನಲ್ಲಿ ಪಕ್ಕ ಕೂತವರ ಊರು, ಮನೆದೇವರು, ಮಗಳನ್ನು ಕೊಟ್ಟ ಊರು, ಅಳಿಯನ ಕುಡಿತ, ಎಲ್ಲವೂ ಟಿಕೆಟ್ ಹರಿಯುವುದರೊಳಗೆ ಅವರಿಗೆ ತಿಳಿದಿರುತ್ತದೆ. ಎಲ್ಲರ ಮನೆ ದೋಸೆಯೂ ತೂತೇ ಅಂತ ಗಾದೆ ಹೇಳಿ ನಾವೆಲ್ಲ ಸುಮ್ಮನಾಗುತ್ತೇವೆ. ನಮ್ಮತ್ತೆ ಹೋಗಿ ತೂತು ನೋಡಿಕೊಂಡೇ ಬರುವವರು.

ಈ ಆಟದ ಮೇಲೆ ಅವರಿಗೆ ಇನ್ನೊಂದು ಕಾರಣಕ್ಕೂ ಕಣ್ಣಿತ್ತು. ಅದು ಒಂದು ಹಳೆಯ ಇಂಗ್ಲಿಷ್ ಸಿನಿಮಾದ ಕತೆಯ ಮೇಲೆ ಮಾಡಿದ ಆಟ. ನಮ್ಮ ಮಾವ ಮರುಳಸಿದ್ದಪ್ಪ ಕಾಲೇಜು ಓದುವಾಗ ದಾವಣಗೆರೆಯಲ್ಲಿ ಆ ಸಿನಿಮಾ ನೋಡಿದ್ದರಂತೆ. ನಡುವೆ ಹೊಳೆ, ಹೊಳೆಗೊಂದು ಸೇತುವೆ. ಈ ದಡದಲ್ಲಿ ತಮ್ಮ, ಆ ದಡದಲ್ಲಿ ಅಣ್ಣ, ಇಬ್ಬರೂ ಕಳ್ಳಸಾರಾಯಿಯ ಧಣಿಗಳು. ಒಂದೇ ತಟ್ಟೆಯಲ್ಲಿ ಉಂಡವರು ಆಮೇಲೆ ಒಬ್ಬರ ಮುಖ ಒಬ್ಬರು ನೋಡದಂತಾದರು. ಕೊನೆಗೊಂದು ದಿನ ತಮ್ಮ ಬಲಗೈಯನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು ಸೇತುವೆ ಮೇಲೆ ನಡೆದುಕೊಂಡು ಹೊರಟ. ಅಷ್ಟು ಹೊತ್ತಿಗೆ ಚನ್ನಗಿರಿಯ ಕಡೆಯ ಬಸ್ಸಿಗೆ ಹೊತ್ತಾಯಿತು ಅಂತ ಮಾವ ಎದ್ದು ಬಂದುಬಿಟ್ಟರು. ಮದುವೆಯಾದ ಹೊಸದರಲ್ಲಿ ಈ ಕತೆಯನ್ನು ಅತ್ತೆಗೆ ಹೇಳಿದ್ದೇ ಹೇಳಿದ್ದು. ಪ್ರತಿಸಲವೂ ಅತ್ತೆ, "ಜೇಬಿನಾಗೆ ಏನಿತ್ರೀ?" ಅಂತ ಕೇಳುವರಂತೆ. ಮಾವ ಪ್ರತಿಸಲವೂ "ಬಸ್ಸು ಹೋಗಿಬಿಡ್ತಿತ್ತು ಕಣೆ" ಅನ್ನುವರಂತೆ. ಮಾವ ತೀರಿಕೊಂಡರು, ಆ ಪ್ರಶ್ನೆ ಉಳಿಯಿತು.

"ಸಿನಿಮಾನೇ ಮೊಬೈಲಿನಲ್ಲಿ ಹಾಕಿಕೊಡ್ತೀನಿ ಬಿಡ್ರಿ ಅತ್ತೆ, ಇವತ್ತೇ ಗೊತ್ತಾಗುತ್ತೆ" ಅಂದೆ ನಾನು ಒಮ್ಮೆ.

"ಬ್ಯಾಡ. ಸಿನಿಮಾದಾಗೆ ಅವ್ರು ಎಲ್ಲಿಗೆ ಕರ್ಕೊಂಡು ಹೋಗ್ತಾರೋ ಅಲ್ಲಿಗೇ ಹೋಗ್ಬೇಕು. ಇದ್ರಾಗೆ ನಾನು ಬೇಕಾದ ಮನೆ ಹೊಕ್ಕು ಬರಬೋದು" ಅಂದರು.

ಹೊಕ್ಕರು ಕೂಡ. ಆಟದವರು ಬಾಗಿಲು ಇಟ್ಟ ಕಡೆಯೆಲ್ಲ ಹೊಕ್ಕರು. ಅಡುಗೆಮನೆಗಳಲ್ಲಿ ಒಲೆ ಯಾವ ದಿಕ್ಕಿಗಿದೆ ನೋಡಿದರು. ಹಣ್ಣಿನಂಗಡಿಯ ಮುಂದಿನ ಸೇಬಿನ ಪೆಟ್ಟಿಗೆಯನ್ನು ಎತ್ತಿಕೊಂಡು ಓಡಾಡಬಹುದು ಅಂತ ಅವರೇ ಕಂಡುಹಿಡಿದರು. ಮದುವೆಗೆ ಮುಂಚೆ ವರ್ಷಗಟ್ಟಲೆ ಆಡಿದ ಪ್ರವೀಣ್‌ಗೂ ಅದು ಗೊತ್ತಿರಲಿಲ್ಲ. ಒಂದು ಕೋಣೆಯ ಬಾಗಿಲು ತೆರೆಯದೇ ಹೋದಾಗ ಮೂರು ದಿನ ಅದರ ಮುಂದೆ ನಿಂತು, "ಒಳಗೆ ಏನೋ ಐತೆ, ಇಲ್ದಿದ್ರೆ ಯಾಕೆ ಮುಚ್ತಾರೆ?" ಅಂತ ಗೊಣಗಿದರು. ಬರೀ ಬಾಗಿಲಿನ ಚಿತ್ರ ಬರೆದಿರುತ್ತಾರೆ, ಹಿಂದೆ ಏನೂ ಇರೋದಿಲ್ಲ ಅಂತ ನಾನು ಹೇಳಿದರೆ ನಂಬಲಿಲ್ಲ.

ಇಷ್ಟೆಲ್ಲ ಬಾಗಿಲು ತೆಗೆಯುವ ನಮ್ಮತ್ತೆ ತೆಗೆಯದೇ ಇಟ್ಟಿದ್ದು ಒಂದೇ ಒಂದು. ಬೀರುವಿನ ತಳದ ಖಾನೆಯಲ್ಲಿ, ಪ್ಲಾಸ್ಟಿಕ್ ಕವರಿನಲ್ಲಿದ್ದ ಈರುಳ್ಳಿ ಬಣ್ಣದ ಸೀರೆ.

ಅದರ ಕತೆ ಹೇಳಲೇಬೇಕು. ನಮ್ಮ ಕಡೆ ಮದುವೆ, ಗೃಹಪ್ರವೇಶ ಅಂದರೆ ಮುಯ್ಯಿ. ನಮ್ಮ ಮನೆಯ ಕಾರ್ಯಕ್ಕೆ ಅವರು ಸೀರೆ ತಂದರೆ, ಅವರ ಮನೆಯ ಕಾರ್ಯಕ್ಕೆ ನಾವು ಒಯ್ಯಬೇಕು. ಬಂದ ಸೀರೆಗಳನ್ನೆಲ್ಲ ಉಡಲು ಯಾರಿಂದ ಆದೀತು? ಬೀರುವಿನಲ್ಲಿ ಪೇರಿಸಿಟ್ಟು ಮುಂದಿನ ಮದುವೆಗೆ ದಾಟಿಸುತ್ತೇವೆ. ಎಲ್ಲರೂ ಮಾಡುವುದೇ, ಯಾರೂ ಹೇಳಿಕೊಳ್ಳುವುದಿಲ್ಲ. ಅತ್ತೆಗೆ ಒಬ್ಬಳೇ ತಂಗಿ, ಅನ್ನಪೂರ್ಣ. ನ್ಯಾಮತಿ ತಾಲ್ಲೂಕಿನ ಗೋವಿನಕೋವಿಗೆ ಕೊಟ್ಟಿದ್ದಾರೆ. ಅಲ್ಲಿ ಮನೆಯಲ್ಲೇ ಕೂತು ಸೀರೆಗಳಿಗೆ ಫಾಲ್ ಹಾಕಿಕೊಡುತ್ತಾರೆ. ಆ ಚಿಕ್ಕಮ್ಮ ಹೊಸಮನೆ ಕಟ್ಟಿದಾಗ ಅತ್ತೆ ಈ ಈರುಳ್ಳಿ ಬಣ್ಣದ ಸೀರೆ ಒಯ್ದು ಕೊಟ್ಟಿದ್ದರು. ಆಮೇಲೆ ನನ್ನ ಮಗಳ ನಾಮಕರಣಕ್ಕೆ ಬಂದ ಚಿಕ್ಕಮ್ಮ, ಅದೇ ಸೀರೆಯನ್ನು, ಅದೇ ಕವರಿನಲ್ಲಿ, ಅತ್ತೆಯ ಮಡಿಲಿಗೇ ಇಟ್ಟರು.

"ನಾನು ಕೈಯಾರೆ ತಂದು ಕೊಟ್ಟಿದ್ದು ಇದು! ನಂಗೇ ತಿರುಗಿಸಿ ಕೊಡ್ತಿಯಲ್ಲೇ!" ಅಂತ ಅತ್ತೆ ತುಂಬಿದ ಮನೆಯಲ್ಲಿ ಕೂಗಾಡಿದರು. ಚಿಕ್ಕಮ್ಮನ ಮುಖ ಕೆಂಪಾಯಿತು. "ಮೊದ್ಲು ಬಿಚ್ಚಿ ನೋಡಕ್ಕ" ಅಂದರು, ಅಷ್ಟೇ. "ಏನು ನೋಡೋದು? ತೂತು ಬಿದ್ದೈತಾ ಅಂತಾನಾ?" ಅಂದರು ಅತ್ತೆ. ಚಿಕ್ಕಮ್ಮ ಊಟ ಮಾಡದೆ ಹೊರಟುಹೋದರು. ಆ ಕೂಸು ಈಗ ಶಾಲೆಗೆ ಹೋಗುತ್ತದೆ. ಅಕ್ಕತಂಗಿಯರು ಅವತ್ತಿಂದ ಮಾತಾಡಿಲ್ಲ.

ಮಾತಾಡಲಿಲ್ಲ ಅಂದರೆ ಮರೆತರು ಅಂತಲ್ಲ. ನ್ಯಾಮತಿ ಕಡೆಯಿಂದ ಯಾರೇ ಬರಲಿ, ಅತ್ತೆ ಚಹಾ ಕೊಟ್ಟು, "ಆ ಕಡೆ ಮಳೆ ಹೆಂಗೆ?" ಅನ್ನುತ್ತಾರೆ. ಮಳೆಯ ಉತ್ತರ ಅವರಿಗೆ ಬೇಕಿಲ್ಲ. ಗೋವಿನಕೋವಿಯ ಸುದ್ದಿ ಬರುವವರೆಗೂ ಲೋಟ ತೊಳೆಯಲು ಒಳಗೆ ಹೋಗುವುದಿಲ್ಲ. ಅವ್ವ ಬೇಗ ತೀರಿಹೋದ ಮನೆಯಲ್ಲಿ ತಾವೇ ಎತ್ತಿ ಆಡಿಸಿದ ತಂಗಿ ಆಕೆ. ನೋಡಿ ನನಗೆ ಇಬ್ಬರ ಮೇಲೂ ಸಿಟ್ಟು ಬರುತ್ತಿತ್ತು. ಒಂದು ಸೀರೆಗೆ ಇಷ್ಟೊಂದಾ ಅಂತ.

ಹೀಗಿರುವಾಗ ಚಿಕ್ಕಮ್ಮನ ಮಗಳು ಅಂಬಿಕಾಳ ಮದುವೆ ಗೊತ್ತಾಯಿತು. ಚಿಕ್ಕಪ್ಪ ಬೋರಣ್ಣ ಅಡಿಕೆ ತೂಕಕ್ಕೆ ಅಂತ ಚನ್ನಗಿರಿಗೆ ಬಂದವರು, ಲಗ್ನಪತ್ರಿಕೆಯನ್ನು ಮಂಡಿಯಲ್ಲೇ ಪ್ರವೀಣ್ ಕೈಗೆ ಕೊಟ್ಟು ಹೋದರು. ಮನೆಗೆ ಬಂದು ಕುಂಕುಮ ಇಟ್ಟು ಕರೆಯುವುದು ಪದ್ಧತಿ. ಪತ್ರಿಕೆಯನ್ನು ಅತ್ತೆ ಮುಟ್ಟಲೂ ಇಲ್ಲ. "ಮಂಡಿಗೆ ಕೊಟ್ಟಿದ್ರೆ ಮಂಡಿಯೋರು ಹೋಗ್ಲಿ ಮದುವೆಗೆ" ಅಂದುಬಿಟ್ಟರು. ಪ್ರವೀಣ್ ಆಚೆಗೆ ಬಂದು ನನಗೆ ಹೇಳಿದರು: "ಈ ಮದುವೆಗೆ ಹೋಗ್ಲಿಲ್ಲ ಅಂದ್ರೆ ಮುಗೀತು ನೋಡು. ಇನ್ನು ಯಾರಾದ್ರೂ ಸತ್ತಾಗಲೇ ಮುಖ ನೋಡೋದು." ಅದು ನನಗೂ ಗೊತ್ತಿತ್ತು, ಅತ್ತೆಗೂ ಗೊತ್ತಿತ್ತು.

ಅದೇ ವಾರ, ಒಂದು ಭಾನುವಾರ ಬೆಳಿಗ್ಗೆ, ಅತ್ತೆ ಅಡುಗೆಮನೆಗೆ ಕೇಳುವಂತೆ ಕೂಗಿದರು. "ಸಂಧ್ಯಾ, ಬಾರೇ! ಸೇತುವೆ ಬಂತು!"

ಕೈಯ ಹಿಟ್ಟು ಒರೆಸಿಕೊಳ್ಳದೆ ಓಡಿದೆ. ಪರದೆಯ ಮೇಲೆ ಮಂಜು ಕವಿದ ಸೇತುವೆ. ಕರಿ ಕೋಟಿನವನೇ ಆ ತಮ್ಮ, ಅವನ ಬಲಗೈ ಜೇಬಿನಲ್ಲಿದೆ. ಮಾವ ಎದ್ದು ಬಂದ ಜಾಗ ಅದು. ಅತ್ತೆ ಗುಂಡಿ ಒತ್ತಿದರು. ಕೈ ಹೊರಗೆ ಬಂತು, ಕೈಯಲ್ಲಿ ಪಿಸ್ತೂಲು.

"ಅಷ್ಟೇನಾ?" ಅಂದರು ಅತ್ತೆ. "ನಿಮ್ಮ ಮಾವ ಬಸ್ಸಿಗೆ ಬಂದಿದ್ದೇ ಒಳ್ಳೇದಾತು ಬಿಡು."

ಅಷ್ಟರಲ್ಲಿ ಕೆಳಗೆ ಇಂಗ್ಲಿಷಿನಲ್ಲಿ ಒಂದು ಸಾಲು ಮೂಡಿತು. ಆ ಆಟದ ದುಭಾಷಿ ನಾನೇ ಆಗಿದ್ದೆ. ಓದಿದ್ದನ್ನು ಬಾಯಿಗೆ ಬಂದ ಹಾಗೆ ಹೇಳಿದೆ. "ಅಣ್ಣನ ಮನೆಗೆ ಹೋಗಿ ಮುಯ್ಯಿ ತೀರಿಸಿ ಬಾ ಅಂತಿದೆ."

"ಮುಯ್ಯಿನಾ? ಅದನ್ನ ಮೊದ್ಲೇ ಹೇಳಾಕೆ ಏನಾಗಿತ್ತು?" ಅಂದವರೇ ಪಿಸ್ತೂಲನ್ನು ಮತ್ತೆ ಜೇಬಿಗೆ ಹಾಕಿಸಿ ಹಿಂದಕ್ಕೆ ತಿರುಗಿದರು. ಹಣ್ಣಿನಂಗಡಿಯವರೆಗೂ ನಡೆದು, ಸೇಬಿನ ಪೆಟ್ಟಿಗೆ ಎತ್ತಿಕೊಂಡು ಬಂದು, ಸೇತುವೆ ಹತ್ತಿದರು. ನನಗೆ ನಗು ತಡೆಯಲಾಗಲಿಲ್ಲ. ಅತ್ತೆ ನಗಲಿಲ್ಲ. ಆ ದಡದ ಮನೆಯ ಮುಂದೆ ಬಂದೂಕು ಹಿಡಿದವರು ಸಾಲಾಗಿ ನಿಂತಿದ್ದರು. ಕೈಯಲ್ಲಿ ಆಯುಧವಿಲ್ಲದವನನ್ನು ಏನು ಮಾಡಬೇಕೋ ಅವರಿಗೆ ತಿಳಿಯಲಿಲ್ಲ, ಸುಮ್ಮನೆ ನೋಡಿದರು. ಅತ್ತೆ ಪೆಟ್ಟಿಗೆಯನ್ನು ಹೊಸ್ತಿಲ ಮೇಲೆ ಇಟ್ಟು ಕಾದರು. ಆಟದೊಳಗಿನ ಬಿಸಿಲು ಇಳಿಯಿತು, ಬೀದಿದೀಪ ಹತ್ತಿದವು.

"ಒಳಗೆ ಬಾ ಅಂತ ಒಬ್ರೂ ಅನ್ನಲ್ವಲ್ಲೇ" ಅಂದರು.

"ಅವರಿಗೆ ಬರೋದು ಗುಂಡು ಹೊಡೆಯೋದೊಂದೇ ಅತ್ತೆ. ಕರೆಯೋದನ್ನ ಆಟ ಮಾಡಿದೋರು ಕಲಿಸಿಲ್ಲ. ಇದು ಆ ಮುಯ್ಯಿ ಅಲ್ಲ, ಮುಯ್ಯಿಗೆ ಮುಯ್ಯಿ ಅಂತಾರಲ್ಲ, ಆ ಮುಯ್ಯಿ. ಸೇಡು."

ಅತ್ತೆ ನನ್ನ ಕಡೆ ತಿರುಗಿದರು. "ಎರಡಕ್ಕೂ ಒಂದೇ ಮಾತು ಇಟ್ಟಾರೆ ನೋಡು ನಮ್ ಹಿರೀಕರು. ಯಾವ್ದಾದ್ರೂ ಆಗ್ಲಿ, ಮುಯ್ಯಿ ತೀರ್ಸಾಕೆ ಮೊದ್ಲು ಅವ್ರೇನೋ ಕೊಟ್ಟಿರ್ಬೇಕಲ್ಲ. ಏನು ಕೊಟ್ಟಿದ್ದ ಅಣ್ಣ?"

"ತಮ್ಮನ ಗೋದಾಮು ಸುಟ್ಟಿದ್ದ."

"ಅದಕ್ಕೂ ಮೊದ್ಲು?"

"ತಮ್ಮ ಅಣ್ಣನ ಲಾರಿ ತಡೆಸಿದ್ದ."

"ಅದಕ್ಕೂ ಮೊದ್ಲು?"

"ಅದಕ್ಕೂ ಮೊದಲು ಏನೋ ನಂಗೇನು ಗೊತ್ತತ್ತೆ, ಆಟದಲ್ಲಿ ಹೇಳಿಲ್ಲ."

ಅವರು ರಿಮೋಟನ್ನು ಕುರ್ಚಿಯ ಮೇಲೆ ಇಟ್ಟು ಎದ್ದರು. ಮೊಣಕಾಲು ಹಿಡಿದುಕೊಂಡು ಒಳಗೆ ಹೋದರು. ಬೀರು ತೆರೆದ ಸದ್ದು ಕೇಳಿಸಿತು. ನಾನು ಹಿಂದೆಯೇ ಹೋದಾಗ ಈರುಳ್ಳಿ ಬಣ್ಣದ ಸೀರೆ ಮಂಚದ ಮೇಲಿತ್ತು, ಅತ್ತೆ ಕವರಿನ ಗುಂಡಿ ತೆಗೆಯುತ್ತಿದ್ದರು. "ಬಿಚ್ಚಿ ನೋಡು ಅಂದಿದ್ಲು ಅಲ್ವಾ ಅವಳು" ಅಂದರು.

ಅಂಗಡಿಯ ಮಡಿಕೆಯಂತೆಯೇ ಮಡಿಸಿಟ್ಟಿತ್ತು. ಅತ್ತೆ ಒಂದು ಮಡಿಕೆ ಬಿಡಿಸಿದರು, ಇನ್ನೊಂದು ಬಿಡಿಸಿದರು. ಒಳಗೆ ಅಂಟಿಸಿದ ಚೀಟಿಯಲ್ಲಿ ಹೊನ್ನಾಳಿಯ ಜವಳಿ ಅಂಗಡಿಯೊಂದರ ಹೆಸರಿತ್ತು. ಅತ್ತೆ ತಮ್ಮ ಜನ್ಮದಲ್ಲಿ ಹೊನ್ನಾಳಿಯಲ್ಲಿ ಸೀರೆ ಕೊಂಡವರಲ್ಲ. ಕೆಳಗಿನ ಅಂಚು ತಿರುಗಿಸಿದರು. ಫಾಲ್ ಹಾಕಿ ಮುಗಿದಿತ್ತು. ಸಾಸಿವೆ ಕಾಳಿನಷ್ಟು ಸಣ್ಣ ಹೊಲಿಗೆಗಳು, ಮಷೀನಿನದಲ್ಲ, ಕೈಯದು. ಫಾಲ್ ಶುರುವಾಗುವ ಮೂಲೆಯಲ್ಲಿ ಕೆಂಪು ದಾರದ ಒಂದು ಪುಟ್ಟ ಗುಣಿಸು ಗುರುತು. ಉಟ್ಟವರಿಗೆ ದೃಷ್ಟಿಯಾಗದಿರಲಿ ಅಂತ ಅನ್ನಪೂರ್ಣ ಚಿಕ್ಕಮ್ಮ ಹಾಕುವ ಗುರುತು ಅದು. ಎಲ್ಲರಿಗೂ ಹಾಕುವುದಿಲ್ಲ, ಮನೆಯವರಿಗೆ ಮಾತ್ರ. ನನ್ನ ಧಾರೆ ಸೀರೆಯಲ್ಲೂ ಇದೆ.

ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ, ಆಮೇಲೆ ಆಯಿತು. ಈ ಸೀರೆ ಅತ್ತೆ ಕೊಂಡಿದ್ದೇ ಅಲ್ಲ. ನಮ್ಮ ಮದುವೆಯಲ್ಲಿ ಚಿಕ್ಕಮ್ಮ ಅಕ್ಕನಿಗಾಗಿ ಹೊನ್ನಾಳಿಯಲ್ಲಿ ಆರಿಸಿ, ಕೊಟ್ಟ ಕೂಡಲೇ ಉಡಲಿ ಅಂತ ಕೂತು ಫಾಲ್ ಹಾಕಿ ತಂದಿದ್ದು. ಅತ್ತೆ ಅದನ್ನು ಬಿಚ್ಚದೆ ಬೀರುವಿನ ಪೇರಿಗೆ ಸೇರಿಸಿದರು. ತಾವು ಕೊಂಡಿಟ್ಟವುಗಳ ಜೊತೆ ಬೆರೆತುಹೋಯಿತು. ಗೃಹಪ್ರವೇಶಕ್ಕೆ ಅಂತ ತೆಗೆದು, ಹೊಲಿದವಳ ಕೈಗೇ ಒಯ್ದು ಕೊಟ್ಟರು. ತಾನು ಹಾಕಿದ ಹೊಲಿಗೆಯನ್ನು ಅಕ್ಕ ಕಣ್ಣೆತ್ತಿಯೂ ನೋಡಲಿಲ್ಲ ಅಂತ ಚಿಕ್ಕಮ್ಮನಿಗೆ ಅವತ್ತೇ ತಿಳಿದಿತ್ತು. ಈಗಲಾದರೂ ನೋಡಲಿ ಅಂತ ವಾಪಸ್ಸು ತಂದಿದ್ದರು.

ಅತ್ತೆ ಮಂಚದ ಮೇಲೆ ಕೂತುಬಿಟ್ಟರು. ಕೆಂಪು ದಾರದ ಗುರುತನ್ನು ಹೆಬ್ಬೆರಳಿನಿಂದ ಸವರುತ್ತಾ, "ಊರ ಮಂದಿ ಮನೆಯೆಲ್ಲ ಹೊಕ್ಕು ನೋಡಿದೆ ನಾನು. ಇದೊಂದು ಮಡಿಕೆ ಬಿಚ್ಚಲಿಲ್ಲ" ಅಂದರು. ಆಮೇಲೆ ಅತ್ತರು. ಮಾವ ಹೋದಾಗಲೂ ಅವರು ಹಾಗೆ ಬಾಯಿಬಿಟ್ಟು ಅತ್ತದ್ದನ್ನು ನಾನು ನೋಡಿರಲಿಲ್ಲ. ನನಗೂ ಕಣ್ಣು ತುಂಬಿತು. ಅಡುಗೆಮನೆಯಲ್ಲಿ ಹೆಂಚಿನ ಮೇಲಿನ ರೊಟ್ಟಿ ಸುಟ್ಟು ಕರಕಲಾಯಿತು.

"ಫೋನ್ ಹಚ್ಚಿಕೊಡ್ಲಾ?" ಅಂದೆ.

"ತುಂಬಿದ ಮನೇಲಿ ಬೈದು, ಫೋನಿನಾಗೆ ತಪ್ಪಾತು ಅನ್ನಾಕೆ ಆಗ್ತದಾ?" ಅಂದರು.

ಮರುದಿನ ಅತ್ತೆ ಚನ್ನಗಿರಿಯಲ್ಲೇ ಅಂಬಿಕಾಗೆ ಅಂತ ಹಸಿರು ಸೀರೆ ಕೊಂಡರು. ಫಾಲ್ ಬಟ್ಟೆ, ದಾರ, ಸೂಜಿ ತಂದು ಕಿಟಕಿಯ ಹತ್ತಿರ ಕೂತರು. ನಾನು ಟೈಲರಿಗೆ ಕೊಡೋಣ ಅಂದೆ, ಗದರಿಸಿದರು. ಸೂಜಿ ಹಿಡಿಯಲು ಬೆರಳು ಬಗ್ಗಿದ್ದೇ ಆಟದ ಗುಂಡಿಗಳ ಪುಣ್ಯ. ಆದರೆ ಹೊಲಿಗೆ ಮಾತ್ರ ಕುಡುಕ ನಡೆದ ಹಾಗೆ ಬಂತು. ಒಂದು ಕಡೆ ಸುಕ್ಕು, ಒಂದು ಕಡೆ ಸಡಿಲ. ಬಿಚ್ಚಿದರು, ಮತ್ತೆ ಹಾಕಿದರು, ಬೆರಳು ಚುಚ್ಚಿಕೊಂಡರು. ಟಿವಿಯಲ್ಲಿ ಕರಿ ಕೋಟಿನವನು ಅಣ್ಣನ ಬಾಗಿಲಲ್ಲೇ ನಿಂತಿದ್ದ. ಟಿವಿ ಆರಿಸಲು ಅತ್ತೆ ಬಿಡಲಿಲ್ಲ. ಕೊನೆಗೆ ಕರೆಂಟು ಹೋಗಿ ತಾನೇ ಆರಿತು.

ಮದುವೆ ನ್ಯಾಮತಿಯ ಕಲ್ಯಾಣ ಮಂಟಪದಲ್ಲಿ. ಅತ್ತೆ ಈರುಳ್ಳಿ ಬಣ್ಣದ ಸೀರೆ ಉಟ್ಟು ಕೋಣೆಯಿಂದ ಹೊರಗೆ ಬಂದಾಗ ಪ್ರವೀಣ್ ಏನೂ ತಿಳಿಯದೆ, "ಹೊಸಾದಾ ಅಮ್ಮ?" ಅಂದರು. "ಹಳೇದು" ಅಂದರು ಅತ್ತೆ. ಹೊನ್ನಾಳಿಯಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಿದೆವು. ಬಸ್ಸು ತುಂಗಭದ್ರೆಯ ಸೇತುವೆಗೆ ಬಂದಾಗ ನಾನು ಅತ್ತೆಯ ಕಡೆ ನೋಡಿದೆ. ಪಕ್ಕದವರ ಊರು ಕೇಳಿರಲಿಲ್ಲ, ಮನೆದೇವರೂ ಕೇಳಿರಲಿಲ್ಲ. ಕೈಚೀಲದೊಳಗೆ ಬಲಗೈ ಇಟ್ಟುಕೊಂಡು, ಹಸಿರು ಸೀರೆಯ ಪೊಟ್ಟಣವನ್ನು ಒತ್ತಿ ಹಿಡಿದಿದ್ದರು.

"ಒಳಗೆ ಬಾ ಅನ್ನದಿದ್ರೆ?" ಅಂದರು ನನ್ನ ಕಡೆ ತಿರುಗದೆ.

ನಾನು ಅವರ ಎಡಗೈ ಹಿಡಿದುಕೊಂಡೆ.

ಮಂಟಪದಲ್ಲಿ ಆಗಲೇ ಮುಯ್ಯಿ ಓದಿಸುವುದು ನಡೆದಿತ್ತು. ಚಿಕ್ಕಮ್ಮನ ಮೈದುನ ನಿಂಗರಾಜ್ ಮೈಕ್ ಹಿಡಿದು, ಬಂದವರ ಊರು, ಹೆಸರು, ತಂದದ್ದು ಎಲ್ಲ ಕೂಗಿ ಹೇಳುತ್ತಿದ್ದ. ವೇದಿಕೆಯ ಮೇಲೆ ಅಂಬಿಕಾ ಪಕ್ಕದಲ್ಲಿ ಅನ್ನಪೂರ್ಣ ಚಿಕ್ಕಮ್ಮ ನಿಂತು, ಬಂದ ಪೊಟ್ಟಣಗಳನ್ನು ನೋಡದೆಯೇ ಹಿಂದಿನ ರಾಶಿಗೆ ಹಾಕುತ್ತಿದ್ದರು. ಅತ್ತೆ ಮೆಟ್ಟಿಲು ಹತ್ತಿದರು. ಚಿಕ್ಕಮ್ಮ ತಲೆಯೆತ್ತಿದವರು ಅಕ್ಕನ ಮುಖ ನೋಡಿದರು, ಆಮೇಲೆ ಸೀರೆ ನೋಡಿದರು. ಕಣ್ಣು ಸೀದಾ ನೆರಿಗೆಯ ಕೆಳಗೆ, ಫಾಲ್ ಕಡೆಗೆ ಇಳಿಯಿತು. ಬಂಧುಗಳಲ್ಲಿ ಹಳೆಯ ಜಗಳ ಗೊತ್ತಿದ್ದವರು ಊಟದ ಮಾತು ಬಿಟ್ಟು ಇತ್ತ ತಿರುಗಿದರು.

ಅತ್ತೆ ಪೊಟ್ಟಣ ಚಾಚಿದರು. ಚಿಕ್ಕಮ್ಮ ತಗೊಂಡರು. ರೂಢಿಯಂತೆ ಕೈ ಹಿಂದಿನ ರಾಶಿಯ ಕಡೆಗೆ ಹೋಯಿತು.

"ಮೊದ್ಲು ಬಿಚ್ಚಿ ನೋಡೇ" ಅಂದರು ಅತ್ತೆ. "ನಾನು ಬಿಚ್ಚದೇ ಇಟ್ಟು ಕೆಟ್ಟೆ. ನೀನು ಹಂಗೆ ಮಾಡ್ಬ್ಯಾಡ."

ವೇದಿಕೆಯ ಮೇಲೆ ಉಡುಗೊರೆ ಬಿಚ್ಚಬಾರದು. ಅದು ಎಲ್ಲರಿಗೂ ಗೊತ್ತಿರುವ ಮರ್ಯಾದೆ. ಚಿಕ್ಕಮ್ಮ ಅಲ್ಲೇ ನಿಂತು ಪೊಟ್ಟಣ ಹರಿದರು. ಹಸಿರು ಸೀರೆ ಮಡಿಕೆ ಮಡಿಕೆಯಾಗಿ ಬಿಚ್ಚಿ, ಮದುಮಗಳ ಕಾಲ ಮೇಲೆಲ್ಲ ಹರಡಿ, ಅಂಚು ತಿರುಗಿಸಿದರು. ಅಂಕುಡೊಂಕು ಹೊಲಿಗೆ, ಅಲ್ಲಲ್ಲಿ ಸುಕ್ಕು, ಮೂಲೆಯಲ್ಲಿ ಕೆಂಪು ದಾರದಲ್ಲಿ ಹಾಕಲು ಹೋದ ಗುಣಿಸು ಗುರುತು. ಅದು ಗುಣಿಸೂ ಆಗಿರಲಿಲ್ಲ, ಕೂಡಿಸೂ ಆಗಿರಲಿಲ್ಲ.

"ಯಾರು ಅಕ್ಕ ಈ ಫಾಲ್ ಹಾಕಿದ್ದು? ಕಣ್ಣಿಲ್ದೋರಾ?" ಅಂದರು ಚಿಕ್ಕಮ್ಮ. ಕಣ್ಣಿಂದ ನೀರು ಇಳಿಯುತ್ತಲೇ ಇತ್ತು.

"ನಾನೇ ಕಣೇ."

"ಇದನ್ನ ಪೂರ್ತಿ ಬಿಚ್ಚಿ ಮತ್ತೆ ಹಾಕ್ಬೇಕು. ನಾಕು ದಿನ ಇಲ್ಲೇ ಇರು, ಹೇಳಿಕೊಡ್ತೀನಿ. ಒಳಗೆ ಬಾ, ಮೊದ್ಲು ಉಣ್ಣು."

ಪಾಪ, ನಿಂಗರಾಜ್ ಮೈಕ್ ಹಿಡಿದು ಇಬ್ಬರ ಮುಖವನ್ನೂ ನೋಡುತ್ತಾ ನಿಂತಿದ್ದ. "ಅತ್ತಿಗೆ, ಇದನ್ನ ಏನಂತ ಓದ್ಲಿ? ಸೀರೆ ಒಂದಾ?"

ಚಿಕ್ಕಮ್ಮ ಅಕ್ಕನ ಕೈ ಬಿಡದೆ ಅವನ ಕಡೆ ತಿರುಗಿದರು. "ಸೀರೆ ಗೀರೆ ಬ್ಯಾಡ. ನಮ್ಮಕ್ಕ ಬಂದ್ಲು ಅಂತ ಓದು."

ಅವನು ಹಾಗೇ ಓದಿದ.